ಹಳದಿ ಬಂದರೆ ಕೈ ಬಿಡಬೇಕು

ಕತಾನಿಯಾ

ಪರದೇಶಕ್ಕೆ ಹೋಗಿಬಂದವರು ಮೊದಲು ಅಲ್ಲಿನ ರಸ್ತೆಗಳ ನುಣುಪನ್ನು ಹೊಗಳುತ್ತಾರೆ. ನಾನು ಅಲ್ಲಿ ಇಳಿದು ಮೊದಲು ನೋಡಿದ್ದು ನನ್ನದೇ ಸೀರೆಗಳನ್ನು. ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಕತಾನಿಯಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ತೆರೆಸಿ, ಮೇಲಿದ್ದ ಕೆಂಪು ಸೀರೆಯ ಸೆರಗು ಹಿಡಿದು ಎತ್ತಿದ. ಕೆಂಪು ಮುಗಿಯಿತು ಅನ್ನುವಾಗ ಹಸಿರು ಬಂತು. ಹಸಿರಿನ ಹಿಂದೆ ನೀಲಿ. ಒಂದರ ತುದಿಗೆ ಇನ್ನೊಂದನ್ನು ಗಂಟು ಹಾಕಿದ್ದರಿಂದ ಎಳೆದಷ್ಟೂ ಬರುತ್ತಲೇ ಹೋಯಿತು. ಇಷ್ಟು ಬಟ್ಟೆಯ ಕೆಳಗೆ ಏನೋ ಬಚ್ಚಿಟ್ಟಿದ್ದಾರೆ ಎಂಬ ಗುಮಾನಿ ಅವನಿಗೆ. ಹಿಂದಿನ ಸಾಲಿನಲ್ಲಿದ್ದವರು ಫೋನ್ ಎತ್ತಿ ಹಿಡಿದರು.

"ಇಲ್ಲೂ ಒಬ್ಬ ದುಸ್ಸಾಸ್ನ ಉಟ್ಟವ್ನೆ ನೋಡು ಬಾಗ್ಯ," ಅಂದಳು ಪಕ್ಕದಲ್ಲಿದ್ದ ನಿಂಗಕ್ಕ.

ನೇರಳೆ ಬಣ್ಣದ ಸೀರೆ ಅರ್ಧ ಬಂದಾಗ ಆ ಮನುಷ್ಯನಿಗೆ ಸಾಕಾಯಿತು. ರಾಶಿಯನ್ನು ನಮ್ಮ ಕಡೆ ತಳ್ಳಿ, ಹೋಗಿ ಅಂತ ಕೈ ಬೀಸಿದ. ನೇರಳೆಯ ಕೆಳಗೆ ಹಳದಿ ಇತ್ತು. ಅಲ್ಲಿಯವರೆಗೆ ಅವನು ಹೋಗಲಿಲ್ಲ. ನನಗೆ ನಗು ಬರಬೇಕಿತ್ತು. ಫೋನುಗಳನ್ನು ಕಂಡ ಮೇಲೆ ಮೈಯೆಲ್ಲ ಬೆವೆತಿತ್ತು.

ನಾನು ಭಾಗ್ಯ, ಹುಣಸೂರಿನವಳು. ಡಿಗ್ರಿ ಓದಿದ್ದೇನೆ, ಆದರೆ ಅನ್ನ ಕೊಟ್ಟಿದ್ದು ದ್ರೌಪದಿಯ ಪಾತ್ರ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಗಂಡಸರು ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ದುರ್ಯೋಧನನಿಗೆ ಎಲ್ಲಕ್ಕಿಂತ ಹೆಚ್ಚು ರೇಟು, ಧರ್ಮರಾಯನನ್ನು ಕೇಳುವವರು ಕಮ್ಮಿ. ಕೊಂಡವರ ಮುಖ ಬಸ್‌ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಆಳೆತ್ತರ ನಿಲ್ಲುತ್ತದೆ. ಹೆಣ್ಣು ಪಾತ್ರವನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೆ ನಮ್ಮನ್ನು ಒಂದು ದಿನದ ಮಟ್ಟಿಗೆ ಕರೆಸುತ್ತಾರೆ. ಈಗ ಹೊತ್ತಾದ ಮೇಲೆ ಮೈಕಿಗೆ ಅನುಮತಿ ಇಲ್ಲದ್ದರಿಂದ ಬೆಳಿಗ್ಗೆ ತಿಂಡಿ ತಿಂದು ಬಣ್ಣ ಹಚ್ಚಿದರೆ ಸಂಜೆಯೊಳಗೆ ಕೌರವರು ಸಾಯುತ್ತಾರೆ. ನಿಂಗಕ್ಕ ನಮ್ಮ ಕುಂತಿ. ಹುಟ್ಟಿದ್ದು ಕೇರಳದ ಗಡಿಗಂಟಿದ ಎನ್. ಬೇಗೂರಿನಲ್ಲಿ, ಈಗ ಇರುವುದು ಕೋಟೆಯಲ್ಲಿ. ಅರವತ್ತು ದಾಟಿದೆ. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಮುದುಕಿ ಅನ್ನುತ್ತಾರೆ.

ವಸ್ತ್ರಾಪಹರಣಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಗಂಟು ಹಾಕಿದ ಸೀರೆಗಳನ್ನು ಮೈಗೆ ಸುತ್ತಿಕೊಳ್ಳುತ್ತೇವೆ, ಕಡೆಯದು ಮೈಗಂಟಿದ ಹಳದಿ. ಅದರ ಸೆರಗನ್ನು ರವಿಕೆಗೂ ನೆರಿಗೆಯನ್ನು ಲಂಗಕ್ಕೂ ಕುಂತಿಯಾದವಳು ತಾನೇ ಸೂಜಿ ಹಿಡಿದು ಹೊಲಿಯುತ್ತಾಳೆ. ದುಶ್ಶಾಸನ ಎಳೆಯುತ್ತ ಬಂದು, ಹಳದಿ ಕಂಡ ಕೂಡಲೇ ಕೈ ಬಿಟ್ಟು ಸುಸ್ತಾಗಿ ಬೀಳಬೇಕು. ಹಾರ್ಮೋನಿಯಂ ಮೇಷ್ಟ್ರು ಪಾತ್ರ ಕಲಿಸುವಾಗ ಮಾತಿಗಿಂತ ಮೊದಲು ಇದನ್ನೇ ಕಲಿಸುತ್ತಾರೆ. ಹಳದಿ ಕೃಷ್ಣನ ಸೀರೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಹೋದ ಶಿವರಾತ್ರಿ ಕಳೆದ ಮೇಲೆ, ಸಾಲಿಗ್ರಾಮದಿಂದಾಚೆಯ ಒಂದು ಊರಿನಲ್ಲಿ, ದುಶ್ಶಾಸನನ ಪಾತ್ರ ಕೊಂಡಿದ್ದ ಒಬ್ಬ ಗಣ್ಯ ಹಳದಿ ಕಂಡ ಮೇಲೂ ಎಳೆದ. ನಾನು ಹಲ್ಲು ಕಚ್ಚಿ "ಹಳದಿ, ಹಳದಿ" ಅಂದೆ. ಅವನು ನನ್ನ ಕಣ್ಣು ನೋಡಿ ನಕ್ಕು, ಕಾಲೂರಿ, ಎರಡೂ ಕೈಯಿಂದ ಎಳೆದ. ರವಿಕೆ ಸಮೇತ ಹರಿದು ಬಂತು. ಜನ ಇದೂ ನಾಟಕವೇ ಅಂದುಕೊಂಡು ಶಿಳ್ಳೆ ಹೊಡೆದರು. ಊರೂರು ಹರಿದಾಡಿದ ವಿಡಿಯೋದಲ್ಲಿ ಮೊದಲು ಅವನ ಅಗಲವಾದ ಬೆನ್ನಿದೆ, ಆಮೇಲೆ ನಾನಿದ್ದೇನೆ. ಅವನ ಕೈ ಎಲ್ಲಿಯೂ ಇಲ್ಲ.

ನಾನು ದೂರು ಕೊಟ್ಟೆ. ಹರಿದ ರವಿಕೆ ಅಂದಿನ ಗದ್ದಲದಲ್ಲಿ ಎಲ್ಲಿ ಹೋಯಿತೋ, ಮತ್ತೆ ಸಿಗಲಿಲ್ಲ. ದಾರ ಹಳೆಯದಾಗಿತ್ತು, ತಾನಾಗಿ ಬಿಚ್ಚಿಕೊಂಡಿತು, ಪಾಪ ಪಾತ್ರದಲ್ಲಿ ಮುಳುಗಿಹೋಗಿದ್ದ ಎಂಬುದು ಅವನ ಕಡೆಯವರ ಮಾತು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತು ಎಲ್ಲವನ್ನೂ ಎದುರಿನಿಂದ ನೋಡಿದ್ದು ನಿಂಗಕ್ಕ ಒಬ್ಬಳೇ. ಹೊಲಿಗೆ ಹಾಕಿದ್ದೂ ಅವಳೇ. ಸಿಸಿಲಿಯಿಂದ ವಾಪಸು ಬಂದ ವಾರವೇ ಇಬ್ಬರೂ ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಿತ್ತು. ಅವಳು ನಿಜ ಹೇಳಿದರೆ ನನ್ನ ದೂರು ನಿಲ್ಲುತ್ತದೆ, ಇಲ್ಲದಿದ್ದರೆ ನಾಲ್ಕು ತಾಲ್ಲೂಕಿನಲ್ಲಿ ನಾನು ಸುಳ್ಳುಗಾತಿ. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅಂಥವಳ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತ, ಒಂದೇ ಪಾತ್ರೆಯಲ್ಲಿ ರಾಗಿಹಿಟ್ಟು ಕೂಡಿಸುತ್ತ ನಾನು ಪ್ರವಾಸ ಮಾಡಿದೆ.

ಒರ್ತಿಜಿಯಾ

ನಮ್ಮನ್ನು ಕರೆಸಿದವಳು ಲೂಚಿಯಾ ಎಂಬ ನಾಟಕದ ನಿರ್ದೇಶಕಿ. ಒಂದು ಕಾಲಕ್ಕೆ ಗ್ರೀಕರು ಬಂದು ನೆಲೆಸಿದ್ದ ಸಿರಾಕೂಸಾ ಎಂಬ ಕಡಲ ತೀರದ ಊರು ಅವಳದು. ಹಿಂದೊಮ್ಮೆ ಮೈಸೂರಿಗೆ ಬಂದವಳು ನಮ್ಮ ಹಗಲು ನಾಟಕ ನೋಡಿ ಮೆಚ್ಚಿಕೊಂಡಿದ್ದಳು. ಗ್ರೀಕರ ಪುರಾಣದ ಹೆಂಗಸರ ಜೊತೆಗೆ ನಮ್ಮ ದ್ರೌಪದಿಯನ್ನೂ ಸೇರಿಸಿ ಒಂದು ಪ್ರಯೋಗ ಮಾಡಬೇಕೆಂದು ಅವಳ ಆಸೆ. ಅವಳಿಗೆ ಇಟಾಲಿಯನ್ ಬಿಟ್ಟು ಬೇರೆ ಬರದು. ದುಭಾಷಿಯಾಗಿ ಸಿಕ್ಕವಳು ಆನ್ಸಿ, ಅಲ್ಲಿ ಮುದುಕಿಯೊಬ್ಬಳ ಆರೈಕೆಗೆ ಇದ್ದ ವಯನಾಡಿನ ಹೆಣ್ಣುಮಗಳು. ಲೂಚಿಯಾ ಇಟಾಲಿಯನ್ನಿನಲ್ಲಿ ಹೇಳಿದ್ದನ್ನು ಆನ್ಸಿ ಮಲಯಾಳದಲ್ಲಿ ನಿಂಗಕ್ಕನಿಗೆ ಹೇಳುವಳು. ಚಿಕ್ಕಂದಿನಲ್ಲಿ ವಯನಾಡಿನ ತೋಟಗಳಲ್ಲಿ ಮೆಣಸು ಕೊಯ್ದಿದ್ದ ನಿಂಗಕ್ಕ ಅದನ್ನು ತನಗೆ ಬೇಕಾದಷ್ಟು ಮಾಡಿಕೊಂಡು ನನಗೆ ದಾಟಿಸುವಳು. ಲೂಚಿಯಾ ಕೈ ಬೀಸಿ ಬೀಸಿ ಬಸ್ಸು ಹೊರಡುವಷ್ಟು ಹೊತ್ತು ಮಾತಾಡಿದರೆ ನನ್ನ ಪಾಲಿಗೆ ಬರುತ್ತಿದ್ದದ್ದು "ನಾಳೀಕೆ ಬೇಗ ಬರ್ಬೇಕಂತೆ ಕಣೆ" ಎಂಬಿಷ್ಟೇ. ಆ ದೇಶದಲ್ಲಿ ನನ್ನ ಬಾಯಿ ನಿಂಗಕ್ಕನ ಹತ್ತಿರ ಇತ್ತು.

ಊರಿನ ಹಳೆಯ ಭಾಗ ಒರ್ತಿಜಿಯಾ. ಅಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಒಂದು ಸಿಹಿನೀರಿನ ಕೊಳವಿದೆ. ಕೊಳದ ತುಂಬ ಆಪು ಹುಲ್ಲಿನಂಥ ಎತ್ತರದ ಗಿಡ, ಬಾತುಕೋಳಿ. ಕಟಕಟೆಗೆ ಒರಗಿಕೊಂಡು ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಕೆಂಪು ಕೊಡೆ ಹಿಡಿದ ಗೈಡ್ ಒಬ್ಬ ತನ್ನ ಗುಂಪಿಗೆ ಕತೆ ಹೇಳುತ್ತಿದ್ದ. ಆನ್ಸಿ ಕಿವಿಗೊಟ್ಟು ನಮಗೂ ದಾಟಿಸಿದಳು.

ಅರೆಥೂಸಾ ಎಂಬ ಹುಡುಗಿ ಗ್ರೀಸ್ ದೇಶದ ಒಂದು ಹೊಳೆಯಲ್ಲಿ ಮೀಯುತ್ತಿದ್ದಳಂತೆ. ಹೊಳೆಯ ದೇವರಿಗೆ ಅವಳ ಮೇಲೆ ಮನಸ್ಸಾಯಿತು. ಅವಳು ಬೇಡವೆಂದು ಓಡಿದಳು. ಕಾಲು ಸೋತಾಗ ದೇವಿಯೊಬ್ಬಳನ್ನು ಕರೆದಳು. ದೇವಿ ಅವನನ್ನು ತಡೆಯಲಿಲ್ಲ. ಇವಳನ್ನೇ ನೀರು ಮಾಡಿಬಿಟ್ಟಳು. ನೀರಾದವಳು ಸಮುದ್ರದ ಅಡಿಯಲ್ಲಿ ಹರಿದು ಇಲ್ಲಿ ಬಂದು ಎದ್ದಳು. ಹೊಳೆಯ ದೇವರು ಬಿಡುವನೇ? ಅವನೂ ಸಮುದ್ರದ ಅಡಿಯಲ್ಲಿ ಹಿಂದೆಯೇ ಬಂದು ಇವತ್ತಿಗೂ ಅವಳ ನೀರಿನಲ್ಲಿ ತನ್ನ ನೀರು ಬೆರೆಸುತ್ತಿದ್ದಾನೆ.

"ಇದು ಪ್ರೇಮದ ಕೊಳ ಅಂತೆ. ಇಲ್ಲಿ ಬಂದು ಕೈ ಕೈ ಹಿಡ್ಕಂಡ್ರೆ ಸಂಸಾರ ಚೆಂದಾಗಿರ್ತದಂತೆ," ಅಂದಳು ನಿಂಗಕ್ಕ.

"ಅವಳು ಬೇಡ ಅಂದಿದ್ದಳಲ್ಲ, ಅದನ್ನ ಕೇಳಕ್ಕ."

ನನ್ನ ಪ್ರಶ್ನೆ ಮಲಯಾಳವಾಗಿ, ಇಟಾಲಿಯನ್ ಆಗಿ ಕೊಡೆಯವನಿಗೆ ತಲುಪಿತು. ಅವನು ನನ್ನತ್ತ ನೋಡಿ ಮುದ್ದಾಗಿ ನಕ್ಕ. ಆಸೆಪಟ್ಟವಳಿಗಾಗಿ ಸಮುದ್ರ ದಾಟಿ ಬಂದಿದ್ದಾನಲ್ಲ, ಪ್ರೇಮ ಅಂದರೆ ಮತ್ತಿನ್ನೇನು ಅಂದನಂತೆ. ಸಮೀಪದ ಚೌಕದ ಕಾರಂಜಿಯಲ್ಲೂ ಇದೇ ಕತೆ ಕಲ್ಲಿನಲ್ಲಿದೆ. ಓಡುವವಳ ಮುಖದ ಗಾಬರಿಯನ್ನು ಶಿಲ್ಪಿ ಬಹಳ ಚೆಂದ ಕಡೆದಿದ್ದಾನೆ, ಅದರ ಕೆಳಗೆ ಕೂತು ಜನ ಐಸ್ ಕ್ರೀಮ್ ತಿನ್ನುತ್ತಾರೆ. ಗಾಬರಿಯಾದ ಹೆಣ್ಣನ್ನು ನೋಡಲು ಎಲ್ಲ ಊರಿನಲ್ಲೂ ಜನ ಸೇರುತ್ತಾರೆ.

ಆ ಹೊತ್ತಿಗೆ ನಿಂಗಕ್ಕನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಖ. ಯಾವ ಊರಿನಲ್ಲಿ ಯಾರಿಗೆ ಪಾತ್ರ ಎಂದು ತೀರ್ಮಾನಿಸುವವರು ಅವರು. ನಿಂಗಕ್ಕ ನನ್ನಿಂದ ದೂರ ಹೋಗಿ ಕಟಕಟೆಯ ಮೂಲೆಯಲ್ಲಿ ನಿಂತು ಮಾತಾಡಿದಳು. "ಊಂ ಮೇಷ್ಟ್ರೇ... ಊಂ, ಗೊತ್ತಾಯ್ತು... ಅವಳಿಗೇನೂ ಏಳಿಲ್ಲ ಕಣ್ರೀ," ಅನ್ನುವುದು ಗಾಳಿಯಲ್ಲಿ ನನಗೆ ಕೇಳಿಸಿತು. ನಾನು ಬಾತುಕೋಳಿ ನೋಡುತ್ತ ನಿಂತೆ.

ಕಲ್ಲಿನ ದೇವಿಯ ಮನೆ

ಮಾರನೆಯ ದಿನ ಲೂಚಿಯಾ ನಮ್ಮನ್ನು ವಸ್ತು ಸಂಗ್ರಹಾಲಯಕ್ಕೆ ಕರೆದೊಯ್ದಳು. ಹೋಗುವ ಮುಂಚೆ ಕಾಫಿ ಕೊಡಿಸಿದಳು. ಅಲ್ಲಿನ ಕಾಫಿಯೆಂದರೆ ಮಗುವಿಗೆ ಒಳಲೆಯಲ್ಲಿ ಕಷಾಯ ಕುಡಿಸಿದಷ್ಟು. ನಿಂಗಕ್ಕ ಅದನ್ನು ರುಚಿ ನೋಡಲು ಕೊಟ್ಟದ್ದು ಅಂದುಕೊಂಡು ಗಂಟಲಿಗೆ ಎತ್ತಿ ಹೊಯ್ದುಕೊಂಡು, ನಿಜವಾದ ಕಾಫಿಗಾಗಿ ಬಹಳ ಹೊತ್ತು ಕೂತಿದ್ದಳು. ಎದ್ದು ಬರಲು ಒಪ್ಪಿಸುವುದೇ ಕಷ್ಟವಾಯಿತು.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಸಾಲು ಸಾಲು ಮಡಕೆ. ಮಡಕೆಗಳ ಹೊಟ್ಟೆಯ ಮೇಲೆ ಚಿತ್ರ. ಬಹಳಷ್ಟರಲ್ಲಿ ಒಬ್ಬ ಗಂಡಸು ಕೈ ಚಾಚಿ ಓಡುತ್ತಿದ್ದಾನೆ, ಮುಂದೆ ಒಬ್ಬಳು ಹೆಂಗಸು ಹಿಂತಿರುಗಿ ನೋಡುತ್ತ ಓಡುತ್ತಿದ್ದಾಳೆ. ಮಡಕೆ ದುಂಡಗಿರುವುದರಿಂದ ಆ ಓಟಕ್ಕೆ ಕೊನೆಯೂ ಇಲ್ಲ. ಎಣ್ಣೆಗೂ ನೀರಿಗೂ ಇಟ್ಟುಕೊಳ್ಳುತ್ತಿದ್ದ ಪಾತ್ರೆಗಳಂತೆ ಅವು. ಆ ಕಾಲದ ಹೆಂಗಸರು ದಿನಾ ಬೆಳಿಗ್ಗೆ ಇವನ್ನು ಕೈಯಲ್ಲಿ ಹಿಡಿದು ನೀರು ಹೊಯ್ದುಕೊಳ್ಳುತ್ತಿದ್ದರೇ ಎಂದು ಯೋಚಿಸಿ ನನಗೆ ಸಂಕಟವಾಯಿತು.

ನಿಂಗಕ್ಕ ಒಂದು ಮಡಕೆಯ ಮೇಲಿನ ದೇವರನ್ನು ಬೆರಳಿನಿಂದ ತೋರಿಸಿದಳು. "ಈ ಪಾಲ್ಟು ಯಾರು ತಕ್ಕಂಡಿದ್ರಂತೆ?"

ಆನ್ಸಿಗೆ ಅರ್ಥವಾಗಲಿಲ್ಲ. ನಿಂಗಕ್ಕ ಬಿಡಿಸಿ ಹೇಳಿದಳು: ಇಷ್ಟು ದೊಡ್ಡದಾಗಿ ಮುಖ ಬರೆಸಿಕೊಂಡಿದ್ದಾನೆ ಅಂದರೆ ಪಾತ್ರಕ್ಕೆ ದುಡ್ಡು ಕೊಟ್ಟವನೇ ಇರಬೇಕು, ಯಾವ ಊರಿನ ಯಜಮಾನ? ಇದು ಲೂಚಿಯಾಗೆ ತಲುಪಿದಾಗ ಅವಳು ಹೊಟ್ಟೆ ಹಿಡಿದು ನಕ್ಕಳು. ನನಗೆ ಮಾತ್ರ ನಿಂಗಕ್ಕ ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಮಡಕೆ ಬರೆಸಿದವನು ಗಂಡಸು, ಬರೆದವನು ಗಂಡಸು. ಓಡುವವಳನ್ನು ಮಾತ್ರ ಒಂದು ದಿನದ ಮಟ್ಟಿಗೆ ಕರೆಸಿರುತ್ತಾರೆ.

ಇನ್ನೊಂದು ಕಡೆ ಸುಟ್ಟ ಮಣ್ಣಿನ ಹಲಗೆಯ ಮೇಲೆ ನಾಲಿಗೆ ಚಾಚಿದ ಮೆಡೂಸಾ. ತಲೆಯ ತುಂಬ ಹಾವಿರುವ ರಾಕ್ಷಸಿ ಅಂತ ಮಾತ್ರ ನನಗೆ ಗೊತ್ತಿತ್ತು. ಹಾವು ಹೇಗೆ ಬಂದವೆಂದು ಆನ್ಸಿ ಹೇಳಿದಳು. ದೇವಿಯ ಗುಡಿಯೊಳಗೆ ಸಮುದ್ರದ ದೇವರು ಆ ಹುಡುಗಿಯನ್ನು ಕೆಡಿಸಿದ. ಗುಡಿ ಮೈಲಿಗೆಯಾಯಿತೆಂದು ದೇವಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವಳು ಶಾಪ ಕೊಟ್ಟಿದ್ದು ಹುಡುಗಿಗೆ.

ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ನನಗೆ ಹಾಗಾದ ಮಾರನೆಯ ದಿನ ಆ ಊರಿನ ಯಜಮಾನರು ರಂಗ ಕಟ್ಟಿದ್ದ ಜಾಗಕ್ಕೆ ಗಂಜಳ ಹಾಕಿಸಿದ್ದರು. ಎದುರಿಗೇ ಗುಡಿ ಇತ್ತಲ್ಲ, ದೇವರ ಮುಂದೆ ಮೈ ಕಾಣಿಸಿದ್ದಕ್ಕೆ ನಾನು ತಪ್ಪುಕಾಣಿಕೆ ಇಡಬೇಕೆಂದು ಹೇಳಿಕಳುಹಿಸಿದರು. ಎಳೆದವನಿಗೆ ಏನೂ ಹೇಳಲಿಲ್ಲ. ಅವನು ಪಾತ್ರದಲ್ಲಿ ಮುಳುಗಿಹೋಗಿದ್ದನಲ್ಲ. ಮೆಡೂಸಾಳ ನಾಲಿಗೆ ಯಾಕೆ ಅಷ್ಟುದ್ದ ಬಂದಿದೆಯೆಂದು ನನಗೆ ಆಗ ತಿಳಿಯಿತು.

ಕಡೆಯಲ್ಲಿ ಒಂದು ಕೋಣೆಯ ನಡುವೆ ಸ್ನಾನ ಮಾಡಿ ಎದ್ದ ಪ್ರೇಮದೇವತೆಯ ಕಲ್ಲಿನ ವಿಗ್ರಹ. ತಲೆ ಇಲ್ಲ. ಬಲಗೈ ಇಲ್ಲ. ಎಡಗೈ ಒಂದು ಉಳಿದಿದೆ, ಅದು ಜಾರುತ್ತಿರುವ ಬಟ್ಟೆಯನ್ನು ತೊಡೆಯ ನಡುವೆ ಹಿಡಿದುಕೊಂಡಿದೆ. ಬಟ್ಟೆಯ ನೆರಿಗೆ ನಿಜವಾದ ಬಟ್ಟೆಯ ಹಾಗೇ ಇದೆ ಎಂದು ಲೂಚಿಯಾ ಕಣ್ಣರಳಿಸಿ ಹೇಳುತ್ತಿದ್ದಳು. ಪ್ರವಾಸಿ ಗಂಡಸರು ಹಿಂದಿನಿಂದ ನೋಡಲು ಸುತ್ತುಹಾಕುತ್ತಿದ್ದರು. ನಾನು ಆ ಕೈಯನ್ನೇ ನೋಡಿದೆ. ತಲೆ ಹೋಗಿ ಎಷ್ಟು ಕಾಲವಾಗಿದೆಯೋ, ಆ ಕೈ ಇನ್ನೂ ಬಟ್ಟೆ ಬಿಟ್ಟಿಲ್ಲ.

"ಪಾಪ, ಒಲ್ದು ಕೊಡೋರು ಯಾರೂ ಇರ್ನಿಲ್ಲ ಅಂತ ಕಾಣ್ತದೆ," ಅಂದಳು ನಿಂಗಕ್ಕ. ಅಂದ ಮೇಲೆ ನನ್ನ ಮುಖ ನೋಡಲಿಲ್ಲ.

ಪೆರ್ಗೂಸಾ

ಪ್ರಯೋಗಕ್ಕೆ ಇನ್ನೂ ಸಮಯವಿತ್ತು. ಪೆರ್ಗೂಸಾ ಎಂಬ ಕೆರೆ ನೋಡದೆ ಹೋಗಬಾರದೆಂದು ಲೂಚಿಯಾ ತನ್ನ ಕಾರಿನಲ್ಲಿ ಒಳನಾಡಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಪಾಪಾಸುಕಳ್ಳಿ. ನಮ್ಮಲ್ಲಿ ಬೇಲಿಗೆ ನೆಡುವ ಅದರ ಹಣ್ಣನ್ನು ಅಲ್ಲಿ ಸಿಪ್ಪೆ ಸುಲಿದು ತಟ್ಟೆಯಲ್ಲಿಟ್ಟು ಮಾರುತ್ತಾರೆ. ನಿಂಗಕ್ಕ ಸುಲಿಯುವವರೆಗೂ ಕಾಯದೆ ಕೈ ಹಾಕಿ ಬೆರಳಿಗೆಲ್ಲ ಮುಳ್ಳು ಚುಚ್ಚಿಸಿಕೊಂಡಳು. ನಾನು ಹಿಂದಿನ ಸೀಟಿನಲ್ಲಿ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮುಳ್ಳು ಕಿತ್ತೆ. ಸೂಜಿ ಹಿಡಿದು ಹಿಡಿದು ಆ ಬೆರಳ ತುದಿಗಳು ಗಟ್ಟಿಯಾಗಿದ್ದವು.

ಪೆರ್ಸೆಫೊನಿ ಎಂಬ ಹುಡುಗಿ ಹೂ ಕೊಯ್ಯುತ್ತಿದ್ದಾಗ ಪಾತಾಳದ ದೊರೆ ಬಂದು ಹೊತ್ತುಕೊಂಡು ಹೋದ ಜಾಗ ಆ ಕೆರೆಯ ದಡ. ಈಗ ಕೆರೆಯ ಸುತ್ತ ಕಾರಿನ ರೇಸ್ ನಡೆಸುವ ರಸ್ತೆ ಇದೆ. ತಂತಿಬೇಲಿ, ಸಿಮೆಂಟಿನ ಗ್ಯಾಲರಿ, ಟೈರುಗಳ ರಾಶಿ. ನಾವು ಹೋದಾಗ ರೇಸ್ ಇರಲಿಲ್ಲ. ಹೂವೂ ಇರಲಿಲ್ಲ. ಬೇಲಿಯ ಸಂದಿನಿಂದ ಕೆರೆಯ ನೀರು ಚೂರು ಕಾಣುತ್ತಿತ್ತು.

ದೊರೆ ಆ ಹುಡುಗಿಯನ್ನು ಎತ್ತಿಕೊಂಡು ಹೋಗುವುದನ್ನು ಅಮೃತಶಿಲೆಯಲ್ಲಿ ಕಡೆದ ವಿಗ್ರಹವೊಂದರ ಫೋಟೋವನ್ನು ಲೂಚಿಯಾ ಫೋನಿನಲ್ಲಿ ತೋರಿಸಿದಳು. ಅವನ ಬೆರಳುಗಳು ಅವಳ ತೊಡೆಯ ಮಾಂಸದೊಳಗೆ ಹೂತಿವೆ. ಕಲ್ಲನ್ನು ಮಾಂಸದ ಹಾಗೆ ಮಾಡಿದ್ದಾನಲ್ಲ ಎಂದು ಲೋಕವೆಲ್ಲ ಬೆರಗಾಗುತ್ತದಂತೆ. ಅಷ್ಟು ಗಟ್ಟಿಯಾಗಿ ಹಿಡಿದರೆ ಚರ್ಮದ ಮೇಲೆ ನೀಲಿಗಟ್ಟುತ್ತದೆ. ನನಗೆ ಕಟ್ಟಿತ್ತು. ಅದನ್ನು ಕಡೆಯಲು ಆ ಶಿಲ್ಪಿಗೆ ಬಣ್ಣ ಇರಲಿಲ್ಲವೋ ಮನಸ್ಸಿರಲಿಲ್ಲವೋ.

ಉಳಿದ ಕತೆಯನ್ನು ಆನ್ಸಿ ಕಾರಿನ ನೆರಳಿನಲ್ಲಿ ಕೂತು ಹೇಳಿದಳು. ಮಗಳನ್ನು ಹುಡುಕುತ್ತ ತಾಯಿ ಊರೂರು ಅಲೆದಳು. ಅವಳು ಬೆಳೆಯ ದೇವತೆ, ಸಿಟ್ಟಿನಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡಿದಳು. ಆಗ ದೇವತೆಗಳ ರಾಜ ಪಂಚಾಯಿತಿ ಕೂರಿಸಿದ. ಅವನು ಹುಡುಗಿಯ ಅಪ್ಪ, ಹೊತ್ತುಕೊಂಡು ಹೋದವನ ತಮ್ಮ. ಹುಡುಗಿ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದಾಳೆ, ಆ ಮನೆಯ ಅನ್ನ ತಿಂದ ಮೇಲೆ ಪೂರ್ತಿ ಬಿಡಿಸಲಾಗದು, ವರ್ಷದಲ್ಲಿ ಕೆಲವು ತಿಂಗಳು ತಾಯಿಯ ಹತ್ತಿರ, ಕೆಲವು ತಿಂಗಳು ಅವನ ಹತ್ತಿರ ಇರಲಿ ಅಂದ. ಎಲ್ಲರೂ ಒಪ್ಪಿದರು. ಹುಡುಗಿಯನ್ನು ಯಾರೂ ಕೇಳಲಿಲ್ಲ.

"ರಾಜಿ ಮಾಡ್ಸುದ್ರು ಅನ್ನು," ಅಂದಳು ನಿಂಗಕ್ಕ. ಅವಳ ದನಿ ಬೇರೆಯಾಗಿತ್ತು. ಆನ್ಸಿ, ಲೂಚಿಯಾ ನೀರಿನ ಬಾಟಲಿ ತರಲು ಹೋದಾಗ ಅವಳು ತಂತಿಬೇಲಿ ಹಿಡಿದುಕೊಂಡು ಹೇಳಿದಳು.

"ಬಾಗ್ಯ, ನಾನೂ ಅವರ ಮನೆ ಅನ್ನ ಉಂಡಿವ್ನಿ ಕಣೆ. ಮೇಷ್ಟ್ರು ಇಲ್ದಿದ್ರೆ ನನ್ನ ಯಾರು ಕರೀತಾರೆ? ಈ ವಯಸ್ಸಲ್ಲಿ ಸುಂಟಿ ಕೀಳಕ್ ಕೂಲಿಗ್ ಓಗ್ಲಾ? ದಾರ ಅಳೇದಿತ್ತು ಅಂತ ಏಳ್ತೀನಿ ಅಂತ ಒಪ್ಕಂಬುಟ್ಟಿವ್ನಿ."

"ದಾರ ಹಳೆಯದಿತ್ತಾ ಅಕ್ಕ?"

"ನಿಂಗೂ ಗೊತ್ತು ನಂಗೂ ಗೊತ್ತು. ಬುಡು."

"ಅವನು ಹಳದಿ ಎಳೆದದ್ದು ನೋಡಿದೆ ತಾನೆ?"

"ನೋಡ್ದೆ. ಎಲ್ಡು ಕೈಲೂ ಎಳುದ. ಆದ್ರೆ ನಾನು ಯಾವ ದೇವ್ತೆ ಅಂತ ಬೆಳೆ ನಿಲ್ಲುಸ್ಲಿ? ನಾನು ಮುನುಸ್ಕಂಡ್ರೆ ಯಾರ್ ಒಲ ಒಣಗ್ತದೆ ಏಳು."

ನನಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಆಗಷ್ಟೇ ಮುಳ್ಳು ಕಿತ್ತುಕೊಟ್ಟ ಕೈ ಅದು. ವಾಪಸು ಬರುವಾಗ ನಾನು ಮುಂದಿನ ಸೀಟಿನಲ್ಲಿ ಕೂತೆ. ಮೂರು ಭಾಷೆ ದಾಟಿ ಬರುವ ಮಾತುಗಳು ಅಂದಿಗೆ ನಿಂತವು. ಲೂಚಿಯಾ ಏನೋ ಕೇಳಿದಳು, ಆನ್ಸಿ ಹಿಂದಕ್ಕೆ ದಾಟಿಸಿದಳು, ನಿಂಗಕ್ಕ ನನಗೆ ಹೇಳಲಿಲ್ಲ.

ಸಿರಾಕೂಸಾ

ದುಶ್ಶಾಸನನ ಪಾತ್ರಕ್ಕೆ ಬಂದವನು ಸಾಲ್ವೋ, ಮಾರುಕಟ್ಟೆಯಲ್ಲಿ ಮೀನು ಮಾರುವವನು. ಸಂಜೆ ನಾಟಕ ಆಡುತ್ತಾನೆ. ಪಾತ್ರಕ್ಕೆ ಅವನು ದುಡ್ಡು ಕೊಟ್ಟಿರಲಿಲ್ಲವೆಂದು ಕೇಳಿ ನಿಂಗಕ್ಕನಿಗೆ ಅವನ ಮೇಲೆ ಮರ್ಯಾದೆಯೇ ಹೋಗಿತ್ತು. ತಾಲೀಮಿನ ದಿನ ಅವನು ಕೆಂಪು ಸೀರೆ ಎಳೆದ, ನಾನು ಗಿರ್ರನೆ ಒಂದು ಸುತ್ತು ಸುತ್ತಿದೆ. ಅವನು ಗಾಬರಿಯಾಗಿ ಕೈ ಬಿಟ್ಟು, ಸೀರೆಯ ತುದಿ ಮಡಚಿ ನನ್ನ ಕೈಗೇ ಕೊಟ್ಟ. ನನಗೆ ರೇಗಿತು. "ಎಳೀಬೇಕು! ಸರಿಯಾಗಿ ಎಳಿ!" ಎಂದು ಕನ್ನಡದಲ್ಲೇ ಕೂಗಿದೆ. ಅವನು ಎಳೆಯದಿದ್ದರೆ ನನಗೆ ಸುತ್ತಲು ಬರುವುದಿಲ್ಲ, ಸುತ್ತದಿದ್ದರೆ ದೃಶ್ಯವಿಲ್ಲ.

ಕೂಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಇಷ್ಟು ವರ್ಷ ನಾನು ಕಲಿತದ್ದು ಚೆನ್ನಾಗಿ ಎಳೆಸಿಕೊಳ್ಳುವುದನ್ನು. ಅದರಲ್ಲಿ ನಾಲ್ಕು ತಾಲ್ಲೂಕಿಗೆ ನನ್ನಷ್ಟು ಹೆಸರು ಮಾಡಿದವರಿಲ್ಲ. ಲೂಚಿಯಾ ಚಪ್ಪಾಳೆ ತಟ್ಟಿ, ಇನ್ನೂ ನಿಧಾನ, ಇನ್ನೂ ನಿಧಾನ ಎಂದು ಕೈಸನ್ನೆ ಮಾಡುತ್ತಿದ್ದಳು. ಬಣ್ಣಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಬಹಳ ಸುಂದರವಾಗಿದೆಯೆಂದು ಅವಳ ಕಣ್ಣೇ ಹೇಳುತ್ತಿತ್ತು. ಅವಳು ಹೆಂಗಸು, ಒಳ್ಳೆಯವಳು, ನಮಗೆ ಅನ್ನ ಬೇಯಿಸಿಕೊಟ್ಟವಳು. ಅವಳಿಗೂ ಅದು ಸುಂದರವಾಗಿಯೇ ಕಾಣುತ್ತಿತ್ತು.

ನಾನು ಹಳದಿ ಸೀರೆ ತೋರಿಸಿ ಸಾಲ್ವೋಗೆ ಕೈಸನ್ನೆಯಲ್ಲಿ ಹೇಳಿದೆ, ಇದು ಬಂದರೆ ಬಿಡಬೇಕು. ಅವನು ತಲೆಯಾಡಿಸಿದ. ಒಂದೇ ಸಲ.

ಪ್ರಯೋಗದ ಸಂಜೆ ಹಳೆಯ ಮನೆಯೊಂದರ ಅಂಗಳದಲ್ಲಿ ಕುರ್ಚಿಗಳು ತುಂಬಿದ್ದವು. ನಾನೂ ನಿಂಗಕ್ಕನೂ ಮಾತು ಬಿಟ್ಟು ಎರಡು ದಿನವಾಗಿತ್ತು. ಆದರೂ ಅವಳು ಚೀಲದಿಂದ ಸೂಜಿ ದಾರ ತೆಗೆದು ನನ್ನ ಹಿಂದೆ ಬಂದು ನಿಂತಳು. ಹುಣಸೂರಿನ ಅಂಗಡಿಯಲ್ಲಿ ನಾನೇ ಕೊಡಿಸಿದ್ದ ಉಂಡೆ ಅದು, ಶಿವರಾತ್ರಿಯ ನಂತರದ ನಾಟಕಕ್ಕೂ ಅದರಿಂದಲೇ ಹೊಲಿದಿದ್ದಳು. ದಾರವನ್ನು ಜೋಡಿ ಮಾಡಿ ಮೇಣ ಹಚ್ಚಿದಳು. ಸೆರಗಿನಿಂದ ಶುರುಮಾಡಿ, ಉಸಿರು ಬಿಗಿಹಿಡಿದು, ಒಂದರ ಮೇಲೊಂದು ಹೊಲಿಗೆ ಹಾಕಿದಳು. ಅವಳು ಯಾವತ್ತೂ ಅಷ್ಟು ಹೊಲಿಗೆ ಹಾಕಿರಲಿಲ್ಲ. ಕಡೆಗೆ ಬಾಗಿ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುವಾಗ ಅವಳ ಬಿಸಿಯುಸಿರು ನನ್ನ ಬೆನ್ನಿಗೆ ತಾಗಿತು. 

ಸಾಲ್ವೋ ಎಳೆದ. ಕೆಂಪು, ಹಸಿರು, ನೀಲಿ, ನೇರಳೆ. ಹಳದಿಯ ಅಂಚು ಕಾಣಿಸಿದ್ದೇ ತಡ, ಬಿಸಿ ಬಾಂಡಲಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದು ನೆಲಕ್ಕೆ ಬಿದ್ದ. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಕೆಲವರು ಕಣ್ಣೊರೆಸಿಕೊಂಡರು. ನಾನು ಅವರನ್ನು ನೋಡಲಿಲ್ಲ. ಬಿದ್ದವನನ್ನು ನೋಡುತ್ತ ನಿಂತಿದ್ದೆ. ನಮ್ಮ ಭಾಷೆ ಬರದವನು, ದ್ರೌಪದಿ ಯಾರೆಂದು ಹೋದ ವಾರದವರೆಗೆ ಕೇಳದವನು, ಕೈಸನ್ನೆಯಲ್ಲಿ ಒಂದು ಸಲ ಹೇಳಿದ್ದನ್ನು ಕಲಿತಿದ್ದ. ನಮ್ಮೂರಿನ ಗಣ್ಯ ಹುಟ್ಟಿದಾರಭ್ಯ ಈ ನಾಟಕ ನೋಡಿಕೊಂಡೇ ಬೆಳೆದವನು. ಅವನಿಗೆ ತಿಳಿಯಲಿಲ್ಲವೆಂದು ಇನ್ನು ಯಾರೂ ನನಗೆ ಹೇಳಬೇಡಿ.

ಅಂದು ಹಳದಿ ಸೀರೆಯನ್ನು ಬಿಚ್ಚಲು ಆಗಲಿಲ್ಲ. ಹೊಲಿಗೆಯ ಸಂದಿಗೆ ಕತ್ತರಿಯ ಮೊನೆ ಹೋಗದು. ರವಿಕೆಯ ಹುಕ್ಕು, ಲಂಗದ ಲಾಡಿ ಬಿಚ್ಚಿ, ಎಲ್ಲವನ್ನೂ ಒಟ್ಟಿಗೆ ಪೊರೆಯಂತೆ ಕಳಚಿ ಹಾಗೆಯೇ ಪೆಟ್ಟಿಗೆಗೆ ತುರುಕಿದೆ.

ಠಾಣೆ

ಹುಣಸೂರಿನಲ್ಲಿ ಬಸ್ಸು ಹತ್ತುವಾಗ ಹೊಸ ಫ್ಲೆಕ್ಸ್ ಕಂಡಿತು. ಅದೇ ಗಣ್ಯ, ಈ ಸಲ ದುರ್ಯೋಧನ, ಹೆಗಲ ಮೇಲೆ ಗದೆ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರ: ಸ್ತ್ರೀ ಪಾತ್ರಗಳಿಗೆ ಪ್ರಸಿದ್ಧ ಕಲಾವಿದೆಯರು. ನಿಂಗಕ್ಕ ನನಗಿಂತ ಮೊದಲೇ ಠಾಣೆಗೆ ಬಂದು ಹೊರಗಿನ ಕಲ್ಲಿನ ಮೇಲೆ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ, ನಾಟಕಕ್ಕೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದಳು. ಮೇಷ್ಟ್ರು ಅವಳ ಪಕ್ಕದಲ್ಲೇ ಇದ್ದರು.

ಒಳಗೆ ಸಾಹೇಬರು ಕೇಳಿದರು. ನಿಂಗಕ್ಕ ನೆಲ ನೋಡುತ್ತ ಕಲಿತ ಮಾತು ಒಪ್ಪಿಸಿದಳು. "ದಾರ ಅಳೇದಿತ್ತು ಸಾಮಿ. ತಾನಾಗ್ ಬಿಚ್ಕಂತು. ಅವ್ರು ಎಳೀನಿಲ್ಲ." ರೈಟರ್ ಬರೆದುಕೊಂಡ. ಮೇಷ್ಟ್ರು ಬಾಗಿಲ ಬಳಿ ನಿಟ್ಟುಸಿರು ಬಿಟ್ಟರು.

ನಾನು ಚೀಲ ತೆರೆದೆ. ಸಿರಾಕೂಸಾದಿಂದ ಹಾಗೆಯೇ ಬಂದಿದ್ದ ಹಳದಿ ಸೀರೆಯನ್ನು ರವಿಕೆ, ಲಂಗ ಸಮೇತ ಮೇಜಿನ ಮೇಲೆ ಹಾಕಿದೆ.

"ಇದು ಅವರದೇ ಹೊಲಿಗೆ ಸಾರ್. ಅವತ್ತು ಹೊಲಿದ ಉಂಡೆಯದೇ ದಾರ. ಅದು ತಾನಾಗಿ ಬಿಚ್ಚಿಕೊಳ್ಳುತ್ತದಾ, ನೀವೇ ಎಳೆದು ನೋಡಿ."

ಸಾಹೇಬರು ಸೀರೆ ನೋಡಿದರು, ಕೈ ಮೇಜಿನ ಮೇಲೆಯೇ ಇಟ್ಟುಕೊಂಡರು. ಹೆಂಗಸಿನ ರವಿಕೆ ಮುಟ್ಟಲು ಅವರಿಗೆ ಮುಜುಗರ. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್‌ಗೆ ಕಣ್ಸನ್ನೆ ಮಾಡಿದರು. ಅವನು ಸೆರಗು ಹಿಡಿದು, ಒಂದು ಕೈಯಲ್ಲಿ ರವಿಕೆ ಅದುಮಿಕೊಂಡು ಎಳೆದ. ಬರಲಿಲ್ಲ. ಕೈಗೆ ಸೆರಗು ಸುತ್ತಿಕೊಂಡು, ಕಾಲೂರಿ, ಮತ್ತೆ ಎಳೆಯಲು ಹೊರಟ. ಬಟ್ಟೆ ನರಳಿತು.

ನಿಂಗಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

"ಕೈ ಬುಡಪ್ಪ! ಅಳದಿ ಕಣ್ಲಾ ಅದು, ಎಳೀಬಾರ್ದು!"

ಠಾಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅವಳು ಮೇಜಿನ ಹತ್ತಿರ ಬಂದು ಅವನ ಕೈಯಿಂದ ಸೀರೆ ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. 

"ಅದು ಬರಾಕಿಲ್ಲ ಸಾಮಿ. ಬಟ್ಟೆ ಅರೀತದೆಯೇ ಒರ್ತು ನನ್ನ ಒಲ್ಗೆ ಬರಾಕಿಲ್ಲ. ಅವತ್ತೂ ಬಂದಿರ್ನಿಲ್ಲ. ಅವ್ನು ಇಂಗೇಯ ಕಾಲೂರ್ಕಂಡು ಎಲ್ಡು ಕೈಲೂ ಎಳುದ. ನಾನು ನೋಡ್ದೆ."

ಬಾಗಿಲ ಕಡೆ ನೋಡಿದೆ, ಮೇಷ್ಟ್ರು ಇರಲಿಲ್ಲ. ಆ ಸಂಜೆಯೊಳಗೆ ಇನ್ನೊಬ್ಬ ಕುಂತಿ ಸಿಕ್ಕಿರುತ್ತಾಳೆಂದು ನನಗೂ ಗೊತ್ತಿತ್ತು, ನಿಂಗಕ್ಕನಿಗೂ ಗೊತ್ತಿತ್ತು. ರೈಟರ್ ಮೊದಲು ಬರೆದಿದ್ದ ಹಾಳೆಯ ಮೇಲೆ ಪೆನ್ನು ಹಿಡಿದು, ಈಗ ಹೇಳಿದ್ದನ್ನೂ ಬರೆದುಕೊಳ್ಳಲೋ ಬೇಡವೋ ಎಂದು ಸಾಹೇಬರ ಮುಖ ನೋಡಿದ. ಸಾಹೇಬರು ಕಿಟಕಿಯ ಆಚೆ ನೋಡುತ್ತಿದ್ದರು.

"ಬರ್ಕಳಿ," ಅಂದಳು ನಿಂಗಕ್ಕ, ಸೀರೆ ಬಿಡದೆ. "ಬರ್ಕಳೋಗಂಟ ನಾನು ಇಲ್ಲಿಂದ ಕದಲಾಕಿಲ್ಲ."